ಹಡಗಿನಲ್ಲಿ ಪ್ಯಾಕೇಜ್ ಹಂಚಿಕೊಳ್ಳಲು ಹೋದ ಬನಶಂಕರಿಯ ಕುಟುಂಬ: ಒಂದು ಪ್ರಕರಣ ಅಧ್ಯಯನ

ತಾತ-ಅಜ್ಜಿಯ ಮದುವೆಗೆ ಐವತ್ತು ವರ್ಷ ತುಂಬಿತ್ತು. ಛತ್ರ ಮಾಡಿ ನಾನೂರು ಜನಕ್ಕೆ ಊಟ ಹಾಕುವ ಬದಲು ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗೋಣ ಅಂತ ಇಬ್ಬರು ಗಂಡುಮಕ್ಕಳು ತೀರ್ಮಾನ ಮಾಡಿದರು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರುವ ನಾಲ್ಕು ರಾತ್ರಿಯ ಕ್ರೂಸ್. ಒಂಬತ್ತು ಜನ, ಮೂರು ಕ್ಯಾಬಿನ್. ಒಂದರಲ್ಲಿ ತಾತ, ಅಜ್ಜಿ ಮತ್ತು ಒಂಬತ್ತು ವರ್ಷದ ಮೊಮ್ಮಗಳು, ಅಣ್ಣನ ಮಗಳು. ಇನ್ನೊಂದರಲ್ಲಿ ಅಣ್ಣ, ಅವನ ಹೆಂಡತಿ, ಹತ್ತೊಂಬತ್ತು ವರ್ಷದ ಮಗ. ಮೂರನೆಯದರಲ್ಲಿ ತಮ್ಮ, ಅವನ ಹೆಂಡತಿ, ಆರು ವರ್ಷದ ಮಗ. ಅಣ್ಣ ಬನಶಂಕರಿಯ ಮನೆಯಲ್ಲೇ ಅಪ್ಪ-ಅಮ್ಮನ ಜೊತೆ ಇದ್ದಾನೆ, ತಮ್ಮ ವೈಟ್‌ಫೀಲ್ಡ್‌ನಲ್ಲಿ.

ಇವರು ನನಗೆ ಬಹಳ ಬೇಕಾದವರು. ವಾಪಸ್ ಬಂದ ಮೇಲೆ ಬಿಲ್ಲು ಹಿಡಿದುಕೊಂಡು ಮನೆಯಲ್ಲಿ ಮಾತು ಬಿಗಿಯಾದಾಗ ಲೆಕ್ಕ ನೋಡಿಕೊಡಲು ನನ್ನನ್ನು ಕರೆದರು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಹಡಗಿನ ಕಂಪನಿ ಎರಡನ್ನೂ ಬಿಟ್ಟಿದ್ದೇನೆ. ನಮ್ಮೂರಿನಿಂದ ಈಗ ಕುಟುಂಬ ಸಮೇತ ಕ್ರೂಸ್‌ಗೆ ಹೋಗುವವರು ಜಾಸ್ತಿ ಆಗಿದ್ದಾರೆ, ಅವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನೋದಷ್ಟೇ ನನ್ನ ಆಸೆ.

ಅವರು ಕೊಂಡದ್ದು ಏನು

ಟಿಕೆಟ್ ದುಡ್ಡಿನಲ್ಲೇ ಹಡಗಿನಲ್ಲಿ ತುಂಬಾ ಸಿಗುತ್ತದೆ. ದೊಡ್ಡ ಊಟದ ಹಾಲ್, ಬುಫೆ, ನೀರು, ಟೀ, ಮಾಮೂಲಿ ಕಾಫಿ ಎಲ್ಲಾ ಅದರೊಳಗೇ ಬರುತ್ತದೆ. ಬಿಯರ್, ವೈನ್, ಕಾಕ್‌ಟೇಲ್, ಕೋಲಾ, ಬಾಟಲ್ ನೀರು, ಯಂತ್ರದಲ್ಲಿ ಮಾಡಿಕೊಡುವ ಕಾಪುಚಿನೋ ಥರದ ಕಾಫಿ, ಮತ್ತೆ ಇಟಾಲಿಯನ್, ಜಪಾನಿ, ಸ್ಟೀಕ್ ಅಂತ ಇರುವ ವಿಶೇಷ ರೆಸ್ಟೋರೆಂಟ್‌ಗಳು, ಇವಕ್ಕೆ ಬೇರೆ ದುಡ್ಡು. ಇವನ್ನೇ ಹಡಗು ಹತ್ತುವ ಮೊದಲು ಪ್ಯಾಕೇಜ್ ಮಾಡಿ ಮಾರುತ್ತಾರೆ. ಹತ್ತಿದ ಮೇಲೆ ಕೊಂಡರೆ ಸಾಮಾನ್ಯವಾಗಿ ದರ ಜಾಸ್ತಿ.

ತಮ್ಮ ಪಾನೀಯದ ಪ್ಯಾಕೇಜ್ ತೆಗೆದುಕೊಂಡ. ದಿನಕ್ಕೆ 70 ಡಾಲರ್, ಅದರ ಮೇಲೆ 18% ಸೇವಾ ಶುಲ್ಕ. ಅಂದರೆ 82.60. ನಾಲ್ಕು ರಾತ್ರಿಗೆ 330.40 ಡಾಲರ್. ಒಂದು ಕೊಳ್ಳಲು ಹೋದವನಿಗೆ ಎರಡು ಕೊಳ್ಳಬೇಕಾಯಿತು. ಒಂದು ಕ್ಯಾಬಿನ್‌ನಲ್ಲಿ ಒಬ್ಬರು ತೆಗೆದುಕೊಂಡರೆ, ಆ ಕ್ಯಾಬಿನ್‌ನಲ್ಲಿರುವ ಕುಡಿಯುವ ವಯಸ್ಸಿನ ಎಲ್ಲರೂ ತೆಗೆದುಕೊಳ್ಳಬೇಕು ಅನ್ನೋದು ನಿಯಮ. ಅವನ ಹೆಂಡತಿ ಮದ್ಯ ಮುಟ್ಟುವವಳಲ್ಲ. ಆದರೂ ಅವಳ ಹೆಸರಲ್ಲೂ 330.40. ಒಟ್ಟು 660.80.

ಅಣ್ಣನಿಗೆ ಸಂಜೆ ಒಂದೆರಡು ಬಿಯರ್ ಸಾಕು. ಅವನೂ ನೋಡಿದ. ಅವನಿಗೆ ವೆಬ್‌ಸೈಟ್ ಮೂರು ಪ್ಯಾಕೇಜ್ ತೋರಿಸಿತು, 991.20 ಡಾಲರ್. ಮೂರನೆಯದು ಮಗನಿಗೆ! ಬೆಂಗಳೂರಿನ ಪಬ್‌ಗಳ ಬಾಗಿಲಲ್ಲಿ 21 ಅಂತ ಬೋರ್ಡ್ ಇರುತ್ತದೆ. ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಕುಡಿಯುವ ವಯಸ್ಸು 18. ಹಾಗಾಗಿ ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ ಅವರ ಲೆಕ್ಕದಲ್ಲಿ ದೊಡ್ಡವನು. ಇದೇ ಹಡಗು ಅಮೆರಿಕದಿಂದ ಹೊರಟಿದ್ದರೆ 21ರ ನಿಯಮ ಇರುತ್ತಿತ್ತು, ಹುಡುಗ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಣ್ಣ ಕೈಬಿಟ್ಟ. ಆಗ ತಮ್ಮ ಹೇಳಿದ ಮಾತು: "ನೀನು ಯಾಕೆ ಸುಮ್ನೆ ತಗೋತೀಯ ಅಣ್ಣ, ನನ್ನ ಕಾರ್ಡಲ್ಲೇ ತಂದುಕೊಡ್ತೀನಿ ಬಿಡು."

ಊಟದ್ದು ಬೇರೆ ಕಥೆ. ವಿಶೇಷ ರೆಸ್ಟೋರೆಂಟ್‌ನಲ್ಲಿ ಮೂರು ಊಟದ ಪ್ಯಾಕೇಜ್ 100 ಡಾಲರ್, ಶುಲ್ಕ ಸೇರಿ 118. ನಾಲ್ಕು ಕೊಂಡರು. ತಾತ, ಅಜ್ಜಿಗೆ ಉಡುಗೊರೆ ಅಂತ ಎರಡು, ಅಣ್ಣ-ತಮ್ಮ ತಮಗೆ ಒಂದೊಂದು. ನಾಲ್ಕು ಮೂರಲ ಹನ್ನೆರಡು ಊಟ, ಮನೆಯವರೆಲ್ಲ ಸರದಿಯಲ್ಲಿ ಹೋಗಿ ಬರಬಹುದು ಅಂತ ಅವರ ಲೆಕ್ಕ. ಬನಶಂಕರಿಯ ಮನೆಯಲ್ಲಿ ಹಾಗೇ ನಡೆಯುವುದು. ತಂದದ್ದು ಎಲ್ಲರಿಗೂ.

ಹಡಗಿನಲ್ಲಿ ನಡೆದದ್ದು

ಪ್ಯಾಕೇಜ್ ಇರುವುದು ಮನುಷ್ಯನ ಹೆಸರಲ್ಲಿ. ಬಿಎಂಟಿಸಿ ತಿಂಗಳ ಪಾಸ್ ಇದ್ದ ಹಾಗೆ. ಅದು ನಿಮ್ಮ ಫೋಟೋ ಇರುವ ಪಾಸ್, ನೀವು ಮನೆಯಲ್ಲೇ ಕೂತ ದಿನ ನಿಮ್ಮ ತಮ್ಮ ಅದನ್ನು ಹಿಡಿದು ಬಸ್ ಹತ್ತುವಂತಿಲ್ಲ. ಹಡಗಿನಲ್ಲೂ ಅಷ್ಟೇ, ಹತ್ತುವಾಗಲೇ ಪ್ರತಿಯೊಬ್ಬರ ಫೋಟೋ ತೆಗೆಯುತ್ತಾರೆ, ಹಡಗಿನವರು ಕೊಟ್ಟ ಕಾರ್ಡ್ ಉಜ್ಜಿದ ತಕ್ಷಣ ಬಾರ್‌ನವನ ಮುಂದಿನ ಪರದೆಯಲ್ಲಿ ಆ ಮುಖ ಬರುತ್ತದೆ.

ಮೊದಲ ಸಂಜೆ ಏನೂ ಆಗಲಿಲ್ಲ. ತಮ್ಮ ಒಂದು ಬಿಯರ್ ತಂದ, ಅಣ್ಣನ ಕೈಗೆ ಕೊಟ್ಟ, ಹೋಗಿ ಇನ್ನೊಂದು ತಂದ. ಎರಡನೇ ದಿನ ಪೂಲ್ ಪಕ್ಕ ಎರಡು ಸಲ ಹೀಗೇ ಆಯಿತು. ಎರಡನೇ ಸಲ ಖಾಲಿ ಲೋಟ ಎತ್ತಲು ಬಂದ ವೇಟರ್ ಸ್ವಲ್ಪ ಹೊತ್ತು ನಿಂತ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಇಂಡಿಯಾ ಅಂತ ಇತ್ತು. ಇವರು ಕನ್ನಡ ಮಾತಾಡುವುದು ಅವನ ಕಿವಿಗೆ ಬಿದ್ದಿತ್ತು. ಟ್ರೇ ಬಗ್ಗಿಸಿಕೊಂಡು ಮೆಲ್ಲಗೆ, ಮಂಗಳೂರು ಕಡೆಯ ಕನ್ನಡದಲ್ಲಿ ಹೇಳಿದ: "ಸರ್, ಬೇಜಾರು ಮಾಡಬೇಡಿ. ನಿಮ್ಮ ಪ್ಯಾಕೇಜಿನದ್ದು ಅವರಿಗೆ ಕೊಡುವ ಹಾಗಿಲ್ಲ. ಸೂಪರ್‌ವೈಸರ್ ನೋಡಿದರೆ ನಿಮ್ಮದು ಕ್ಯಾನ್ಸಲ್ ಮಾಡ್ತಾರೆ, ನನಗೂ ಕೇಳ್ತಾರೆ." ತಾತ ಪಕ್ಕದ ಕುರ್ಚಿಯಲ್ಲೇ ಇದ್ದರು. ಅವರು ಏನೂ ಅನ್ನಲಿಲ್ಲ. ಅಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ, ಮತ್ತೆ ಎತ್ತಲಿಲ್ಲ. ಅವತ್ತಿನಿಂದ ಬೇಕಾದ ಬಿಯರ್ ತನ್ನ ಕಾರ್ಡಿನಲ್ಲೇ ಕೊಂಡ.

ಆ ವೇಟರ್ ಹುಡುಗನ ಕೊನೆಯ ಮಾತನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ. ಕಂಪನಿಗೆ ಒಂದು ಬಿಯರ್ ಹೋದರೆ ಏನಾಗುತ್ತದೆ ಅಂತ ನಮಗೆ ಅನ್ನಿಸಬಹುದು. ಸುಮ್ಮನಿದ್ದ ವೇಟರ್ ಮೇಲಿನವರಿಗೆ ಉತ್ತರ ಕೊಡಬೇಕು. ತಿಂಗಳುಗಟ್ಟಲೆ ಮನೆ ಬಿಟ್ಟು ಒಪ್ಪಂದದ ಮೇಲೆ ದುಡಿಯುವ ನಮ್ಮೂರ ಹುಡುಗರನ್ನು ಇಂಥ ಸಂಕಟಕ್ಕೆ ಸಿಕ್ಕಿಸಬಾರದು. ಈ ಒಂದು ಕಾರಣ ಸಾಕು.

ಊಟದಲ್ಲಿ ಆದದ್ದು ಇದಕ್ಕಿಂತ ನೋವಿನದ್ದು. ಅಜ್ಜಿ ಮೊದಲ ರಾತ್ರಿ ಇಟಾಲಿಯನ್ ರೆಸ್ಟೋರೆಂಟ್‌ಗೆ ಹೋಗಿ ಖುಷಿಯಾಗಿ ಉಂಡರು. ಮೂರನೇ ರಾತ್ರಿ ಜಪಾನಿ ಕಾವಲಿ ಊಟ. ಅಲ್ಲಿ ಗಿರಾಕಿಗಳು ಅಗಲವಾದ ಕಾವಲಿಯ ಸುತ್ತ ಕೂರುತ್ತಾರೆ, ಅಡುಗೆಯವನು ಎದುರಿಗೇ ಮಾಡುತ್ತಾನೆ. ಪಕ್ಕದ ಕುಟುಂಬದವರ ಸಿಗಡಿ ಅದೇ ಕಾವಲಿಯ ಆ ತುದಿಯಲ್ಲಿ ಚಟಪಟ ಅನ್ನುತ್ತಿತ್ತು, ಅಜ್ಜಿಯ ತೋಫು, ಕೋಸು ಈ ತುದಿಯಲ್ಲಿ. ಅಡುಗೆಯವನು ಚಪ್ಪಟೆ ಸಟ್ಟುಗವನ್ನು ಬಟ್ಟೆಯಲ್ಲಿ ಒರೆಸಿ ಅದರಲ್ಲೇ ಕೋಸು ತಿರುವಿದ. ಅಜ್ಜಿ ಸದ್ದಿಲ್ಲದೆ ಎದ್ದು ಬುಫೆಗೆ ಹೋಗಿ ಅನ್ನ, ದಾಲ್, ಮೊಸರು ಹಾಕಿಸಿಕೊಂಡರು.

ಮಾರನೇ ದಿನ ಅಜ್ಜಿ ಹೇಳಿದ್ದು ಇಷ್ಟೇ, "ನಂದು ಇನ್ನೂ ಇದೆಯಲ್ಲ, ಸೊಸೆಯಂದಿರು ಹೋಗಿ ಬರಲಿ, ಪಾಪ ಅವರು ಎಲ್ಲೂ ಹೋಗಿಲ್ಲ." ಇಬ್ಬರು ಸೊಸೆಯರೂ ರೆಡಿಯಾಗಿ ಇಟಾಲಿಯನ್ ರೆಸ್ಟೋರೆಂಟ್ ಬಾಗಿಲಿಗೆ ಹೋದರು. ಬಾಗಿಲಲ್ಲಿ ನಿಂತ ಹುಡುಗಿ ಟ್ಯಾಬ್ಲೆಟ್ ನೋಡಿ, ಊಟ ಬಾಕಿ ಇರುವುದು ಹಿರಿಯರ ಹೆಸರಲ್ಲಿ, ನಿಮ್ಮ ಹೆಸರಲ್ಲಿ ಇಲ್ಲ, ಬೇಕಾದರೆ ಈಗ ದುಡ್ಡು ಕೊಟ್ಟು ಬರಬಹುದು ಅಂದಳು. ಇಬ್ಬರೂ ವಾಪಸ್ ಬಂದರು. ಹನ್ನೆರಡರಲ್ಲಿ ಮೂರು ಊಟ ಹಾಗೇ ಉಳಿದು ಹೋಯಿತು. ಅಜ್ಜಿಯದು ಎರಡು, ತಾತನದು ಒಂದು. ಕಾವಲಿಯ ಎದುರು ಅರ್ಧಕ್ಕೆ ಎದ್ದ ರಾತ್ರಿಯ ಊಟವನ್ನು ಮ್ಯಾನೇಜರ್ ಒಳ್ಳೆಯತನದಿಂದ ಲೆಕ್ಕಕ್ಕೆ ಹಿಡಿದಿರಲಿಲ್ಲ, ಆದರೂ ಅದು ಯಾರ ಹೊಟ್ಟೆಗೂ ಸೇರಲಿಲ್ಲ.

ಲೆಕ್ಕ

ಹಡಗಿನ ಬಿಲ್ಲಿನಲ್ಲಿ ಪ್ಯಾಕೇಜಿನ ಪ್ರತಿ ಪಾನೀಯವೂ ಸೊನ್ನೆ ಡಾಲರ್ ಎಂದು ನಮೂದಾಗಿತ್ತು. ಹಾಗಾಗಿ ಎಷ್ಟು ಬಳಸಿದರು ಅಂತ ಎಣಿಸುವುದು ಸುಲಭವಾಯಿತು. ತಮ್ಮನ ಹೆಸರಲ್ಲಿ 14 ಬಿಯರ್, 4 ಕಾಕ್‌ಟೇಲ್. ಬಿಯರ್ 9 ಡಾಲರ್, ಶುಲ್ಕ ಸೇರಿ 10.62. ಕಾಕ್‌ಟೇಲ್ 13, ಶುಲ್ಕ ಸೇರಿ 15.34. ಬಿಡಿಯಾಗಿ ಕೊಂಡಿದ್ದರೆ ಒಟ್ಟು 210.04. ಅಣ್ಣನಿಗೆ ಕೊಟ್ಟ ಮೂರೂ ಇದರಲ್ಲೇ ಇವೆ. ಹೆಂಡತಿಯ ಹೆಸರಲ್ಲಿ 6 ಮಾಕ್‌ಟೇಲ್ (ಮದ್ಯವಿಲ್ಲದ ಕಾಕ್‌ಟೇಲ್), 7 ಕಾಫಿ, ಅದು 97.94. ಇಬ್ಬರದೂ ಸೇರಿ 307.98 ಡಾಲರ್. ಕೊಟ್ಟದ್ದು 660.80. ವ್ಯತ್ಯಾಸ 352.82, ಡಾಲರ್‌ಗೆ 85 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 30,000.

ಈಗ ನೋಡಿ. ಹೆಂಡತಿಯ ಹೆಸರಲ್ಲಿ ಕೊಳ್ಳಲೇಬೇಕು ಅನ್ನುವ ನಿಯಮ ಇರಲೇ ಇಲ್ಲ ಅಂದುಕೊಳ್ಳಿ. ಆಗಲೂ ತಮ್ಮನಿಗೆ ನಷ್ಟವೇ. 330 ಕೊಟ್ಟು 210 ಬಳಸಿದ್ದಾನೆ. ಬರೀ ಬಿಯರ್ ಕುಡಿಯುವವನಿಗೆ ಈ ದರದಲ್ಲಿ ದಿನಕ್ಕೆ 8 ಬಿಯರ್ ಆಗದೆ ದುಡ್ಡು ಹೊಂದುವುದಿಲ್ಲ. ಕುಡಿಯದ ಹೆಂಡತಿಯ ಪಾಲೂ ಹೊಂದಬೇಕಾದರೆ 16. ಅದೂ ನಾಲ್ಕು ಪೂರ್ತಿ ದಿನ ಸಿಗುವುದಿಲ್ಲ. ಹತ್ತುವುದು ಮಧ್ಯಾಹ್ನ, ಇಳಿಯುವುದು ಬೆಳಗ್ಗೆ. ನಡುವೆ ಪೆನಾಂಗ್‌ನಲ್ಲಿ ಒಂದು ಹಗಲು, ಫುಕೆಟ್‌ನಲ್ಲಿ ಒಂದು ಹಗಲು ಇವರು ಹಡಗಿನಲ್ಲೇ ಇರಲಿಲ್ಲ. ಪೆನಾಂಗ್‌ನ ಜಾರ್ಜ್‌ಟೌನ್ 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು, ಅಲ್ಲಿನ ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ ಮಾಡಿದ್ದನ್ನು ಅಜ್ಜಿ ಈಗಲೂ ಹೇಳುತ್ತಾರೆ. ಆ ಹಗಲಿಗೂ ಹಡಗಿನ ಪ್ಯಾಕೇಜ್ ಮೀಟರ್ ಓಡುತ್ತಲೇ ಇತ್ತು.

ಅಣ್ಣನದು ಇನ್ನೂ ಸಣ್ಣ ಲೆಕ್ಕ. ತನ್ನ ಕಾರ್ಡಿನಲ್ಲಿ ಕೊಂಡ 5 ಬಿಯರ್‌ಗೆ 53.10 ಡಾಲರ್, 4,500 ರೂಪಾಯಿ. ಇಡೀ ಪ್ರವಾಸದಲ್ಲಿ ಅವನು ಕುಡಿದದ್ದು 8. ಎಲ್ಲವನ್ನೂ ಸಿಕ್ಕಿಬೀಳದೆ ತಮ್ಮನ ಕಾರ್ಡಿನಲ್ಲೇ ತಂದಿದ್ದರೂ ಉಳಿಯುತ್ತಿದ್ದದ್ದು ಆ 4,500 ಮಾತ್ರ. ಅಷ್ಟಕ್ಕಾಗಿ 56,000 ರೂಪಾಯಿಯ ಪ್ಯಾಕೇಜನ್ನೇ ಕಳೆದುಕೊಳ್ಳುವ ಅಪಾಯಕ್ಕೆ ಒಡ್ಡಿದ್ದರು, ಏಕೆಂದರೆ ಹಂಚಿಕೊಂಡದ್ದು ಗೊತ್ತಾದರೆ ದುಡ್ಡು ವಾಪಸ್ ಕೊಡದೆ ರದ್ದು ಮಾಡುವ ಹಕ್ಕು ಕಂಪನಿಗೆ ಇರುತ್ತದೆ. ಕೊಳ್ಳುವಾಗ ಒಪ್ಪಿದ ಷರತ್ತಿನಲ್ಲೇ ಅದು ಬರೆದಿರುತ್ತದೆ.

ಊಟದ ಮೂರು ಪಾಲು ಹೋದದ್ದು 118 ಡಾಲರ್, 10,000 ರೂಪಾಯಿ. ಬುಕ್ ಮಾಡಿದ್ದು ಅಣ್ಣನ ಕ್ರೆಡಿಟ್ ಕಾರ್ಡಿನಲ್ಲಿ, ಅದರ ಮೇಲೆ 3.5% ಫಾರೆಕ್ಸ್ ಮಾರ್ಕಪ್, ಅಂದರೆ ಡಾಲರ್ ಖರ್ಚಿಗೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಇದನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೇ ತಂದಿರಲಿಲ್ಲ.

ಯಾರ ತಲೆಗೆ ಯಾವ ದುಡ್ಡು

ನಿಜವಾದ ಜಗಳ ಇಲ್ಲಿ. ಮೂರೂ ಕ್ಯಾಬಿನ್‌ನ ಬಿಲ್ಲು ಅಣ್ಣನ ಕ್ರೆಡಿಟ್ ಕಾರ್ಡಿಗೇ ಜೋಡಿಸಿದ್ದರು. ಒಟ್ಟು ಮೊತ್ತ ಬಂದಾಗ ಎರಡು ಭಾಗ ಮಾಡಿಬಿಡೋಣ ಅಂದ ತಮ್ಮ, ಒಳ್ಳೆಯ ಮನಸ್ಸಿನಿಂದಲೇ. ದೊಡ್ಡ ಸೊಸೆ ಒಪ್ಪಲಿಲ್ಲ. "ನಾನು ನೀರು ಬಿಟ್ಟು ಏನೂ ಕುಡಿದಿಲ್ಲ, ನಮ್ಮ ಪಾಲಿಗೆ ಇಪ್ಪತ್ತೆಂಟು ಸಾವಿರ ಯಾಕೆ?" ಚಿಕ್ಕ ಸೊಸೆಗೆ ಅದು ಚುಚ್ಚಿತು. "ಅಕ್ಕ, ನನ್ನ ಹೆಸರಲ್ಲಿ ಇತ್ತು ನಿಜ, ನಾನೇನು ಬೇಕು ಅಂತ ಕೇಳಿದ್ನಾ?" ಇಬ್ಬರೂ ಹೇಳಿದ್ದು ಸರಿ. ಇದನ್ನು ಕೇಳಿ ತಾತ, ನನ್ನ ಪೆನ್ಷನ್ ದುಡ್ಡಿನಲ್ಲಿ ಕೊಟ್ಟುಬಿಡ್ತೀನಿ ಅಂದರು. ಐವತ್ತನೇ ವರ್ಷದ ಉಡುಗೊರೆಯ ದುಡ್ಡನ್ನು ಅವರೇ ಕೊಡಲು ಹೊರಟಾಗ ಹಾಲ್‌ನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ನನ್ನನ್ನು ಕರೆದದ್ದು ಆಮೇಲೆ.

ನಾನು ಬಿಲ್ಲನ್ನು ಮೂರು ಕಡೆ ಬಿಡಿಸಿದೆ. ಟಿಕೆಟ್, ಸಿಬ್ಬಂದಿಯ ಟಿಪ್, ಟ್ಯಾಕ್ಸಿ, ಪೆನಾಂಗ್ ಊಟ, ಇವೆಲ್ಲ ಎಲ್ಲರದ್ದು. ಅಪ್ಪ-ಅಮ್ಮನ ಎರಡು ಊಟದ ಪ್ಯಾಕೇಜ್, 236 ಡಾಲರ್, ಅದು ಉಡುಗೊರೆ, ಇಬ್ಬರು ಮಕ್ಕಳಿಗೂ ಸಮ ಪಾಲು. ಉಣ್ಣದೆ ಉಳಿದ ಮೂರು ಊಟವೂ ಉಡುಗೊರೆಯಲ್ಲೇ ಸೇರುತ್ತದೆ, ಅಮ್ಮ ಯಾಕೆ ಉಣ್ಣಲಿಲ್ಲ ಅಂತ ಯಾರೂ ಲೆಕ್ಕ ಕೇಳುವಂತಿಲ್ಲ. ಉಳಿದದ್ದು ಅವರವರದ್ದು.

ಪಾನೀಯದ ಎರಡು ಪ್ಯಾಕೇಜೂ ತಮ್ಮನ ಖರ್ಚು. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ. ಕುಡಿಯದವರ ಹೆಸರಲ್ಲಿ ನಿಯಮದ ಒತ್ತಾಯಕ್ಕೆ ಕೊಂಡ ಪ್ಯಾಕೇಜು ಕುಡಿಯುವವರ ಖರ್ಚು. ಕೊಳ್ಳುವ ಮೊದಲೇ ಅವನ ಪ್ಯಾಕೇಜಿನ ಬೆಲೆ 330 ಅಲ್ಲ, 660 ಅಂತ ಓದಿಕೊಳ್ಳಬೇಕಿತ್ತು. ಹಾಗೆ ಓದಿದ್ದರೆ ಬಹುಶಃ ಕೊಳ್ಳುತ್ತಲೇ ಇರಲಿಲ್ಲ. ಹೆಂಡತಿ ಆರು ಮಾಕ್‌ಟೇಲ್ ಕುಡಿದಳಲ್ಲ ಅಂತ ಅವಳ ಪಾಲು ಕಡಿಯುವುದೂ ತಪ್ಪು. ದುಡ್ಡು ಹೋಗಿಯೇ ಬಿಟ್ಟಿದೆ ಅಂತ ಕುಡಿದದ್ದು ಅದು. ತಮ್ಮ ಎರಡು ಮಾತಾಡದೆ ಒಪ್ಪಿದ. ಅಣ್ಣ ಆ ಮೂರು ಬಿಯರ್ ದುಡ್ಡು ಕೊಡುತ್ತೇನೆ ಅಂದ, ತಮ್ಮ ಬೇಡ ಅಂದ. ಅದು ಅವರಿಬ್ಬರ ನಡುವಿನ ಮಾತು.

ಬೇರೆ ದಾರಿ ಇತ್ತಾ?

ಇತ್ತು. ಅಣ್ಣ-ತಮ್ಮ ಇಬ್ಬರನ್ನೂ ಒಂದೇ ಕ್ಯಾಬಿನ್‌ಗೆ ಬುಕ್ ಮಾಡಿ, ಓರಗಿತ್ತಿಯರು ಇಬ್ಬರು ಚಿಕ್ಕ ಮಕ್ಕಳ ಜೊತೆ ಇನ್ನೊಂದರಲ್ಲಿ, ದೊಡ್ಡ ಹುಡುಗ ತಾತ-ಅಜ್ಜಿಯ ಜೊತೆ ಇದ್ದಿದ್ದರೆ ಕುಡಿಯದವರ ಹೆಸರಲ್ಲಿ ಏನೂ ಕೊಳ್ಳಬೇಕಿರಲಿಲ್ಲ. ಹೀಗೆ ಮಾಡುವವರು ಇದ್ದಾರೆ. ಆದರೆ ಅಪಾಯ ಬಂದಾಗ ಸೇರಬೇಕಾದ ಜಾಗ ಬುಕ್ ಆದ ಕ್ಯಾಬಿನ್ ಪ್ರಕಾರವೇ ಇರುತ್ತದೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತ ಮೇಲೆ ಆ ಜಾಗದಲ್ಲಿ ಸೇರುವ ಡ್ರಿಲ್ ಅನ್ನು ಹಡಗು ಹೊರಡುವ ಮುನ್ನವೇ ಮಾಡುವ ನಿಯಮ ಬಂತು. ಮಲಗುವ ಜಾಗ ಒಂದು, ಕಾಗದದ ಮೇಲಿನ ಜಾಗ ಒಂದು ಅಂತಾದರೆ ಯಾವ ಮಗು ಯಾರ ಜೊತೆ ಅನ್ನೋದು ಮನೆಯವರಿಗೆಲ್ಲ ಸ್ಪಷ್ಟವಾಗಿ ಗೊತ್ತಿರಬೇಕು. ಆರು ವರ್ಷದ ಮಗು ಇರುವ ಕಡೆ ಬಿಯರ್ ದುಡ್ಡಿಗಾಗಿ ಇದನ್ನು ಮಾಡಿ ಅಂತ ನಾನು ಹೇಳುವುದಿಲ್ಲ.

ಬಸುರಿಯರು, ಔಷಧಿ ತೆಗೆದುಕೊಳ್ಳುವವರು ಇದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಅಂಥವರಿಗೆ ಮದ್ಯವಿಲ್ಲದ ಅಗ್ಗದ ಪ್ಯಾಕೇಜ್‌ಗೆ ಬದಲಾಯಿಸಿ ಕೊಡುವ ಕಂಪನಿಗಳಿವೆ. ನಿಯಮ ಎಲ್ಲಾ ಕಡೆ ಒಂದೇ ಥರ ಇಲ್ಲ. ಕಾರ್ನಿವಲ್ ಅನ್ನುವ ಕ್ರೂಸ್ ಕಂಪನಿಯ ಚಿಯರ್ಸ್ ಪ್ಯಾಕೇಜ್‌ನಲ್ಲಿ ದಿನಕ್ಕೆ 15 ಮದ್ಯದ ಪಾನೀಯ ಅನ್ನುವ ಮಿತಿ ಇದೆ. ನಾರ್ವೇಜಿಯನ್ ಕ್ರೂಸ್ ಕಂಪನಿಯವರು ಟಿಕೆಟ್ ಜೊತೆ ಕೊಡುವ ಪಾನೀಯದ ಕೊಡುಗೆ ಕ್ಯಾಬಿನ್‌ನ ಮೊದಲ ಇಬ್ಬರಿಗೆ, ಮೂರನೆಯವರು ಅದೇ ಕೋಣೆಯಲ್ಲಿದ್ದರೂ ಅವರಿಗೆ ತಾನಾಗಿ ಬರುವುದಿಲ್ಲ.

ಹಂಚಿಕೊಳ್ಳಲು ತಡೆ ಇಲ್ಲದ್ದೂ ಬೇಕಾದಷ್ಟಿದೆ, ಇವರು ಆ ಕಡೆ ನೋಡಲೇ ಇಲ್ಲ. ದೊಡ್ಡ ಊಟದ ಹಾಲ್‌ನಲ್ಲಿ ಒಬ್ಬರು ಎರಡು-ಮೂರು ತಟ್ಟೆ ತರಿಸಿ ಮೇಜಿನ ಸುತ್ತ ಕೊಟ್ಟರೆ ಯಾರೂ ಕೇಳುವುದಿಲ್ಲ, ಹೆಚ್ಚಿಗೆ ದುಡ್ಡೂ ಇಲ್ಲ. ತಟ್ಟೆಗೆ ಇಷ್ಟು ಅಂತ ಬೆಲೆ ಇರುವ ರೆಸ್ಟೋರೆಂಟ್‌ನಲ್ಲಿ ಕೊಂಡದ್ದು ನಿಮ್ಮದು, ಸೊಸೆಯರು ಅಜ್ಜಿ ಮೂವರೂ ಎರಡು ಪಾಸ್ತಾ ಹಂಚಿಕೊಂಡು ಏಳಬಹುದಿತ್ತು. ಪ್ಯಾಕೇಜ್ ಇಲ್ಲದೆ ದುಡ್ಡು ಕೊಟ್ಟು ಕೊಂಡ ವೈನ್ ಬಾಟಲಿಯನ್ನು ಕುಡಿಯುವ ವಯಸ್ಸು ತುಂಬಿದವರು ಹಂಚಿಕೊಳ್ಳಬಹುದು. ಜಪಾನಿ ಕಾವಲಿ, ಸ್ಟೀಕ್ ರೆಸ್ಟೋರೆಂಟ್ ಇವನ್ನು ಮಡಿವಂತ ಹಿರಿಯರ ಹೆಸರಲ್ಲಿ ಕೊಳ್ಳಬೇಡಿ. ಜೈನ ಊಟ ಅಂತ ಮೊದಲೇ ಬರೆದು ತಿಳಿಸಿದರೆ ಊಟದ ಹಾಲ್‌ನಲ್ಲೇ ಅಜ್ಜಿಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು ಮಾಡಿಕೊಡುತ್ತಿದ್ದರು.

ಒಂದು ಬಾಕಿ ಇತ್ತು. ಟಿಕೆಟ್ ಕೊಂಡದ್ದು ಬೆಂಗಳೂರಿನ ಏಜೆಂಟ್ ಹತ್ತಿರ, 6,00,000 ರೂಪಾಯಿ, ಮೇಲೆ ಆಗಿನ ದರದಲ್ಲಿ 5% ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಅಂತ 30,000. ಕೊಟ್ಟದ್ದು ಅಣ್ಣನ ಪ್ಯಾನ್. ಟಿಕೆಟ್ ಖರ್ಚನ್ನು ತಲೆ ಲೆಕ್ಕದಲ್ಲಿ ಹಂಚಿಕೊಂಡಿದ್ದರು, ಅಪ್ಪ-ಅಮ್ಮನವರದನ್ನು ಒಬ್ಬೊಬ್ಬರದು ಒಬ್ಬೊಬ್ಬರು ಹೊತ್ತು, ಅಣ್ಣ ಐದು ಪಾಲು, ತಮ್ಮ ನಾಲ್ಕು. ಟಿಸಿಎಸ್ ಮಾತ್ರ ಪೂರ್ತಿ ಅಣ್ಣನ ತೆರಿಗೆ ಲೆಕ್ಕಕ್ಕೆ ಜಮಾ ಆಗುತ್ತದೆ, ರಿಟರ್ನ್ ಹಾಕುವಾಗ ಅವನಿಗೇ ಸಿಗುತ್ತದೆ. ಅದರಲ್ಲಿ ತಮ್ಮ ಕೊಟ್ಟ 13,333 ರೂಪಾಯಿ ಇದೆ ಅಂತ ತೋರಿಸಿದೆ. ಅಣ್ಣ ಅವತ್ತೇ ತಮ್ಮನ ಖಾತೆಗೆ ಹಾಕಿದ.